ಕೆರೆ ಈಜು ಬೇರೆ, ನೇತ್ರಾಣಿ ಬೇರೆ

ಲಾಂಗ್ ವೀಕೆಂಡ್ ಬಂತು ಅಂದ್ರೆ ತುಮಕೂರಿನ ಆಫೀಸ್ ಗ್ರೂಪುಗಳಲ್ಲಿ ಒಂದೇ ಮೆಸೇಜು: "ನೇತ್ರಾಣಿಗೆ ಹೋಗೋಣ್ವಾ?" ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದೊಳಗಿರುವ ಈ ಪುಟ್ಟ ದ್ವೀಪ ಸ್ಕೂಬಾ ಡೈವಿಂಗ್‌ಗೆ ಹೆಸರುವಾಸಿ. ಸುತ್ತ ಹವಳ, ಬಣ್ಣಬಣ್ಣದ ಮೀನು. ಆಸೆಯಾಗೋದು ಸಹಜವೇ.

ಗುಂಪಿನಲ್ಲಿ ಒಬ್ಬರಾದ್ರೂ ಇರ್ತಾರೆ: "ನಂಗೇನು ಭಯ? ಗುಬ್ಬಿ ಕೆರೆಯಲ್ಲಿ, ಕುಣಿಗಲ್ ಕೆರೆಯಲ್ಲಿ ಈಜಿ ಬೆಳೆದವ್ನು." ಆದ್ರೆ ಅಲ್ಲಿ ಆ ಅನುಭವವೇ ತೊಡಕಾಗಬಹುದು. ಕೆರೆಯಲ್ಲಿ ಮುಳುಗೋವಾಗ ನಾವು ಕಲಿತದ್ದು ಉಸಿರು ಕಟ್ಟೋದು. ಸ್ಕೂಬಾದ ಮೊದಲ ಪಾಠ ಉಸಿರು ಕಟ್ಟಲೇಬಾರದು ಅನ್ನೋದು.

ಕಾರಣ ಸರಳ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡರಷ್ಟು. ಅಲ್ಲಿ ಸಿಲಿಂಡರ್‌ನಿಂದ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತೆ. ಗಾಬರಿಯಲ್ಲಿ ಉಸಿರು ಹಿಡಿದು ಮೇಲಕ್ಕೆ ಚಿಮ್ಮಿದ್ರೆ ಶ್ವಾಸಕೋಶಕ್ಕೇ ಪೆಟ್ಟು. ನಿಧಾನವಾಗಿ ಉಸಿರಾಡ್ತಾ ಇರೋದೇ ರಕ್ಷಣೆ. ಹಾಗಾಗಿ ಈಜು ಬಾರದವರೂ ತರಬೇತುದಾರರ ಜೊತೆ ಮೊದಲ ಡೈವ್ ಮಾಡ್ತಾರೆ. ಹೇಳಿದ್ದು ಕೇಳಿದ್ರೆ ಸಾಕು.

ಇನ್ನು ಕಿವಿ. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಒತ್ತಡ ಸರಿ ಮಾಡ್ಕೋಬೇಕು. ನೋವು ಬಂದ್ರೆ ಸಹಿಸಬೇಡಿ, ಕೈಸನ್ನೆ ಮಾಡಿ. ನೆಗಡಿ ಇದ್ರೆ ಆ ದಿನ ನೀರಿಗಿಳಿಯೋದೇ ಬೇಡ. ಅಸ್ತಮಾ, ಹೃದಯದ ತೊಂದರೆ ಇದ್ರೆ ಮೊದಲು ವೈದ್ಯರನ್ನು ಕೇಳಿ. ಕಟ್ಟಿದ ದುಡ್ಡು ಹೋಗುತ್ತೆ ಅಂತ ಫಾರ್ಮಿನಲ್ಲಿ ಮುಚ್ಚಿಡಬೇಡಿ.

ನಮ್ಮ ಕಡೆಯವರು ಮರೆಯೋದು ಇನ್ನೊಂದಿದೆ. ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ರೆ 18 ಗಂಟೆ ವಿಮಾನ ಹತ್ತಬಾರದು ಅನ್ನೋದು ಡೈವರ್‌ಗಳ ರೂಢಿ. ತುಮಕೂರು ಇರೋದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ. ಘಟ್ಟ ಹತ್ತೋದೂ ಎತ್ತರಕ್ಕೆ ಹೋಗೋದೇ ತಾನೆ? ಅದೇ ಸಂಜೆ ಬಸ್ ಹತ್ತೋ ಪ್ಲ್ಯಾನ್ ಇದ್ರೆ ತರಬೇತುದಾರರಿಗೆ ಮೊದಲೇ ಹೇಳಿ. ಒಂದು ರಾತ್ರಿ ಅಲ್ಲೇ ಉಳಿದ್ರೆ ಇನ್ನೂ ಒಳ್ಳೇದು.

ಮಕ್ಕಳು, ಹಿರಿಯರು ಜೊತೆಗಿದ್ರೆ ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪ ಹಗುರ. ದೋಣಿಯಲ್ಲಿ ಹೋಗಿ, ಕಂಬಗಳಂತೆ ನಿಂತ ಲಾವಾ ಬಂಡೆ ನೋಡಿ ಬರಬಹುದು. ಸೆಲ್ಫಿ ಚೆನ್ನಾಗಿ ಬರಲ್ಲ ಅಂತ ಲೈಫ್ ಜಾಕೆಟ್ ಬಿಚ್ಚಬೇಡಿ. ಮಳೆಗಾಲದಲ್ಲಿ ಎರಡೂ ಕಡೆ ಕಡಲು ಒರಟು, ದೋಣಿ ಬಿಡಲ್ಲ.

ಕಡಲಿನ ಮುಂದೆ ಎಲ್ಲರೂ ಹೊಸಬರೇ. ಹೊಸಬರ ಹಾಗೆ ಕೇಳಿ, ಕಲಿತು, ಆಮೇಲೆ ಇಳಿಯಿರಿ. ಮೀನುಗಳು ಎಲ್ಲೂ ಹೋಗಲ್ಲ.