ಮೊದಲ ಚಿಕ್ಕ ಟ್ರ್ಯಾಕ್ಟರ್: ಬಣ್ಣ ನೋಡುವ ಮುನ್ನ ಸಾಲು ಅಳೆಯಿರಿ

ಈಚಿನ ತಿಂಗಳುಗಳಲ್ಲಿ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಎತ್ತುಗಳನ್ನು ಸಾಕುವ ಶಕ್ತಿ ಮನೆಯಲ್ಲಿ ಉಳಿದಿಲ್ಲ; ಹದ ಬಂದ ದಿನ ಆಳುಗಳು ಸಿಕ್ಕುವುದಿಲ್ಲ; ಮಗ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿದ್ದಾನೆ; ಐದಾರು ಎಕರೆ ಜಮೀನಿದೆ; ಚಿಕ್ಕ ಟ್ರ್ಯಾಕ್ಟರೊಂದನ್ನು ತರಬೇಕೆಂದಿದ್ದೇವೆ, ಯಾವ ಕಂಪನಿಯದನ್ನು ತರೋಣ? ಇದು ಆ ಪತ್ರಗಳ ಸಾರ.

ಒಕ್ಕಲುತನದ ಮನೆಯೊಂದು ತನ್ನ ಆಯುಷ್ಯದಲ್ಲಿ ಮಾಡುವ ದೊಡ್ಡ ಖರೀದಿಗಳಲ್ಲಿ, ಮನೆ ಕಟ್ಟುವುದನ್ನು ಬಿಟ್ಟರೆ, ಟ್ರ್ಯಾಕ್ಟರಿನದೇ ಮೊದಲ ಸ್ಥಾನ. ಅದಕ್ಕಾಗಿ ಜಮೀನು ಅಡಮಾನವಾಗುತ್ತದೆ. ಎಷ್ಟೋ ವೇಳೆ ಮನೆಯೊಡತಿಯ ಬಂಗಾರವೂ ಪೆಟ್ಟಿಗೆಯಿಂದ ಹೊರಬೀಳುತ್ತದೆ. ಆದುದರಿಂದ ಕಂಪನಿಯ ಹೆಸರನ್ನು ಕೊನೆಗೆ ಇಟ್ಟುಕೊಂಡು, ಅದಕ್ಕಿಂತ ಮೊದಲು ಉತ್ತರಿಸಬೇಕಾದ ಪ್ರಶ್ನೆಗಳನ್ನು ಮೊದಲು ಕೈಗೆತ್ತಿಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ.

ಚಿಕ್ಕ ಟ್ರ್ಯಾಕ್ಟರ್ ಎಂದರೆ ಸುಮಾರು 15ರಿಂದ 30 ಅಶ್ವಶಕ್ತಿಯೊಳಗಿನದು ಎಂದು ತಿಳಿಯೋಣ. ಅಗಲ ಮೂರೂವರೆ ನಾಲ್ಕು ಅಡಿಯ ಆಸುಪಾಸು. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಮೂರೂಕಾಲು ಎಕರೆಗೆ ತುಸು ಹೆಚ್ಚು. ಅಣ್ಣತಮ್ಮಂದಿರ ಪಾಲುಗಳಾದ ಮೇಲೆ ಹೊಲಗಳು ಪಟ್ಟಿಪಟ್ಟಿಯಾಗಿವೆ. ಐವತ್ತು ಅಶ್ವಶಕ್ತಿಯ ದೊಡ್ಡ ಯಂತ್ರ ಇಂಥ ಪಟ್ಟಿಯಲ್ಲಿ ತಿರುಗುವಷ್ಟರಲ್ಲಿ ಬದುವೇ ಮುಗಿದಿರುತ್ತದೆ. ಹೀಗಾಗಿ ಚಿಕ್ಕದರ ಕಡೆಗೆ ಜನರ ಮನಸ್ಸು ಹೊರಳಿರುವುದು ಸಹಜವೇ.

ಆದರೆ ಹೊಲ ಚಿಕ್ಕದಾದರೆ ಕೆಲಸವೂ ಕಡಿಮೆ. ಇಲ್ಲಿಯೇ ಲೆಕ್ಕ ತಪ್ಪುವುದು. ಕೃಷಿ ಇಂಜಿನಿಯರಿಂಗ್ ಓದಿದವರು ಟ್ರ್ಯಾಕ್ಟರಿನ ಆಯುಷ್ಯವನ್ನು ಹತ್ತು ವರ್ಷವೆಂದೂ, ದುಡಿಮೆಯನ್ನು ವರ್ಷಕ್ಕೆ 1000 ಗಂಟೆಯೆಂದೂ ಹಿಡಿದು ಖರ್ಚು ಕಟ್ಟುವ ರೂಢಿಯಿದೆ. ಒಂದು ಉದಾಹರಣೆಯನ್ನು ಕಾಗದದ ಮೇಲೆ ಬರೆದು ನೋಡೋಣ. ಯಂತ್ರ, ರೋಟಾವೇಟರ್, ಟ್ರೇಲರ್ ಸೇರಿ ಎಂಟು ಲಕ್ಷ ರೂಪಾಯಿ ಆಯಿತೆನ್ನಿ. ಹತ್ತು ವರ್ಷದ ಕೊನೆಗೆ ಎಂಬತ್ತು ಸಾವಿರಕ್ಕೆ ಮಾರಿದರೆ, ವರ್ಷಕ್ಕೆ ಸವೆಯುವ ಬೆಲೆ 72,000. ತೊಡಗಿಸಿದ ಹಣದ ಸರಾಸರಿಗೆ ನೂರಕ್ಕೆ ಹತ್ತರಂತೆ ಬಡ್ಡಿ 44,000. ವಿಮೆ, ಕೊಟ್ಟಿಗೆ ಇತ್ಯಾದಿಗೆ 16,000. ಒಟ್ಟು 1,32,000. ಯಂತ್ರ ಓಡಲಿ, ನಿಲ್ಲಲಿ, ಈ ಖರ್ಚು ನಿಲ್ಲದು. ವರ್ಷಕ್ಕೆ 1000 ಗಂಟೆ ದುಡಿಸಿದರೆ ಗಂಟೆಗೆ 132 ರೂಪಾಯಿ ಬೀಳುತ್ತದೆ. 300 ಗಂಟೆ ಮಾತ್ರ ದುಡಿಸಿದರೆ 440. ಗಂಟೆಗೆ ಎರಡೂವರೆ ಲೀಟರಿನಂತೆ ಡೀಸೆಲ್ ಖರ್ಚು ಇನ್ನೂರು ರೂಪಾಯಿಗೂ ಮೇಲೆ. ರಿಪೇರಿ, ಚಾಲಕನ ಪಗಾರ ಬೇರೆ. ಇವನ್ನೆಲ್ಲ ಕೂಡಿಸಿ ಬಂದ ಮೊತ್ತವನ್ನು ನಿಮ್ಮ ಊರಿನ ಬಾಡಿಗೆ ದರದ ಪಕ್ಕದಲ್ಲಿ ಇಟ್ಟು ನೋಡಿರಿ.

ಎರೆ ಹೊಲದಲ್ಲಿ ಮಳೆಯನ್ನೇ ನಂಬಿ ಜೋಳ, ಕಡಲೆ ಬೆಳೆಯುವ ಐದು ಎಕರೆಯ ಒಕ್ಕಲಿಗೆ, ಹರಗುವುದು, ಬಿತ್ತುವುದು, ಎಡೆ ಹೊಡೆಯುವುದು, ರಾಶಿ ಸಾಗಿಸುವುದು ಎಲ್ಲ ಸೇರಿದರೂ ವರ್ಷಕ್ಕೆ ನೂರು ಗಂಟೆಯ ಕೆಲಸ ಹುಟ್ಟುವುದು ಕಷ್ಟ. ಅಂಥವರು ಸ್ವಂತ ಟ್ರ್ಯಾಕ್ಟರ್ ಕೊಳ್ಳಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹೋಬಳಿಗಳಲ್ಲಿ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಿವೆ. ಅಲ್ಲಿ ಸರದಿ ಬಾರದಿದ್ದರೆ ಊರಿನಲ್ಲಿಯೇ ಬಾಡಿಗೆಗೆ ಹೊಡೆಯುವವರಿದ್ದಾರೆ. ಹದ ತಪ್ಪುತ್ತದೆ ಎಂಬ ಚಿಂತೆ ನಿಜವಾದುದೇ. ಆದರೆ ಒಂದೆರಡು ದಿನ ತಡವಾದುದರ ನಷ್ಟವನ್ನೂ ಆರು ತಿಂಗಳಿಗೊಮ್ಮೆ ಬರುವ ಕಂತನ್ನೂ ತೂಗಿ ನೋಡಿದರೆ ತಕ್ಕಡಿ ಯಾವ ಕಡೆ ಬಾಗುವುದೆಂದು ಮನೆಯ ಹಿರಿಯರಿಗೆ ತಾನಾಗಿಯೇ ತಿಳಿಯುತ್ತದೆ. ಅಣ್ಣತಮ್ಮಂದಿರು ಕೂಡಿ ಒಂದೇ ಯಂತ್ರ ತರುವುದಾದರೆ ಲೆಕ್ಕ ಬೇರೆ. ಆಗ ಯಾರ ಹೊಲಕ್ಕೆ ಮೊದಲು ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆದಿಟ್ಟುಕೊಂಡರೆ ಮುಂದೆ ಮನಸ್ಸು ಕಹಿಯಾಗುವುದಿಲ್ಲ.

ತೋಟಗಾರರ ಮಾತು ಹಾಗಲ್ಲ. ವಿಜಯಪುರದ ದ್ರಾಕ್ಷಿ ತೋಟದಲ್ಲಿ ಔಷಧಿ ಸಿಂಪಡಣೆಯೊಂದೇ ಹಂಗಾಮು ಮುಗಿಯುವವರೆಗೆ ಬಿಡುವು ಕೊಡದು. ಬಾಗಲಕೋಟೆ, ಕೊಪ್ಪಳಗಳ ದಾಳಿಂಬೆಯೂ ಹಾಗೆಯೇ. ಇಂಥಲ್ಲಿ ಐದೇ ಎಕರೆಯಾದರೂ ಗಂಟೆಗಳು ಕೂಡುತ್ತವೆ, ಸ್ವಂತ ಯಂತ್ರ ತನ್ನ ಖರ್ಚನ್ನು ತಾನೇ ಹೊರುತ್ತದೆ.

ಗಂಟೆಗಳ ಲೆಕ್ಕ ಸರಿಹೋದರೆ, ಟೇಪು ಹಿಡಿದುಕೊಂಡು ಹೊಲಕ್ಕೆ ಹೋಗಬೇಕು. ಶೋರೂಮಿಗೆ ಇನ್ನೂ ಅಲ್ಲ. ದ್ರಾಕ್ಷಿಯ ಸಾಲಿನ ನಡುವೆ ಒಂಬತ್ತು ಹತ್ತು ಅಡಿ ಇರುವುದರಿಂದ ಅಗಲದ ತೊಂದರೆಯಿಲ್ಲ. ಆದರೆ ಚಪ್ಪರ ಪದ್ಧತಿಯಿದ್ದರೆ ಎತ್ತರದ ತೊಂದರೆಯುಂಟು. ಮೇಲಕ್ಕೆ ನಿಂತ ಹೊಗೆ ಕೊಳವೆ ಎಲೆಯನ್ನು ಸುಡುತ್ತದೆ, ಚಾಲಕನ ಹಿಂದಿನ ರಕ್ಷಣಾ ಕಂಬಿ ತಂತಿಗೆ ಸಿಕ್ಕುತ್ತದೆ. ಕೊಳವೆ ಕೆಳಗೆ ಅಥವಾ ಪಕ್ಕಕ್ಕೆ ಇರುವ, ಕಂಬಿಯನ್ನು ಮಡಚಲು ಬರುವ ಮಾದರಿಯನ್ನೇ ಕೇಳಬೇಕು. ಕಬ್ಬಿಗೆ ಮಣ್ಣೇರಿಸಲು ನಾಲ್ಕು ಅಡಿ ಸಾಲು ಬಹಳ ಇಕ್ಕಟ್ಟು, ಐದು ಅಡಿಯಿದ್ದರೆ ಸಲೀಸು. ಹಳೆಯ ರೂಢಿಯಂತೆ ಮೂರಡಿ ಸಾಲು ಬಿಟ್ಟವರಿಗೆ ಚಿಕ್ಕ ಟ್ರ್ಯಾಕ್ಟರಿಗಿಂತ ಪವರ್ ಟಿಲ್ಲರೇ ಒಳ್ಳೆಯದು. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ ಅಂತರವಿದ್ದು ಯಂತ್ರವೇನೋ ಹಾಯುತ್ತದೆ. ಆದರೆ ಅಡಿಕೆಯ ಬೇರು ಮೇಲ್ಮಣ್ಣಿನಲ್ಲಿಯೇ ಹರಡಿಕೊಂಡಿರುವುದರಿಂದ ರೋಟಾವೇಟರನ್ನು ಆಳಕ್ಕಿಳಿಸಿದರೆ ಮರಕ್ಕೆ ಪೆಟ್ಟು. ಅಲ್ಲಿ ಗೊಬ್ಬರ, ಗೊನೆ ಸಾಗಿಸುವ ಕೆಲಸವೇ ಮುಖ್ಯ.

ಒಂದು ಮಾತನ್ನು ಎರೆ ಭೂಮಿಯವರು ನೆನಪಿಡಬೇಕು. ಕರಿಕೆ ತುಂಬಿದ ಹೊಲವನ್ನು ಆಳವಾಗಿ ನೇಗಿಲು ಹೊಡೆಯುವುದು ಚಿಕ್ಕ ಟ್ರ್ಯಾಕ್ಟರಿನ ಕೆಲಸವಲ್ಲ. ಅದಕ್ಕೆ ಮೂರು ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಯಂತ್ರವನ್ನು ಬಾಡಿಗೆಗೆ ಕರೆಯುವುದೇ ಸರಿ. ಆ ಒಂದು ಕೆಲಸಕ್ಕಾಗಿ ದೊಡ್ಡದನ್ನೇ ಕೊಂಡು, ಉಳಿದ ದಿನ ಅದಕ್ಕೆ ಡೀಸೆಲ್ ಕುಡಿಸುವುದು ಜಾಣತನವಲ್ಲ.

ಇನ್ನು ಕಂಪನಿಗಳ ವಿಚಾರ. ಹದಿನೈದು ಅಶ್ವಶಕ್ತಿಯ ಅಗ್ಗದ ಸಾಲಿನಲ್ಲಿ ಮಹೀಂದ್ರ ಯುವರಾಜ್ 215 ಮತ್ತು ಸ್ವರಾಜ್ 717 ಹೆಸರಾದವು. ಎರಡಕ್ಕೂ ಒಂದೇ ಸಿಲಿಂಡರು. ಬಣ್ಣ ಬೇರೆಯಾದರೂ 2007ರಿಂದ ಸ್ವರಾಜ್ ಕೂಡ ಮಹೀಂದ್ರ ಬಳಗಕ್ಕೇ ಸೇರಿದೆಯೆಂಬುದನ್ನು ಅನೇಕರು ಗಮನಿಸಿರುವುದಿಲ್ಲ. ಒಂಟಿ ಸಿಲಿಂಡರಿನ ಎಂಜಿನು ಸರಳ, ಹಳ್ಳಿಯ ಮಿಸ್ತ್ರಿಯ ಕೈಗೂ ಒಗ್ಗುತ್ತದೆ. ಆದರೆ ನಡುಕ ಹೆಚ್ಚು, ದಿನವಿಡೀ ಕುಳಿತವರ ಬೆನ್ನಿಗೆ ಅದು ಗೊತ್ತಾಗುತ್ತದೆ. ಹತ್ತಿ, ತೊಗರಿಗಳಲ್ಲಿ ಎಡೆ ಹೊಡೆಯುವುದಕ್ಕೂ ಹಗುರ ಸಾಗಣೆಗೂ ಇವು ಸಾಕು.

ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಯೋಗದಿಂದ ಆರಂಭವಾದದ್ದು. ಅದರ ಟಿಲ್ಲರನ್ನು ಕಾಣದ ಗದ್ದೆ ನಮ್ಮಲ್ಲಿ ವಿರಳ. ಅದರ ಎಂ.ಟಿ. 180 ಡಿ ಮಾದರಿ ಹದಿನೆಂಟೂವರೆ ಅಶ್ವಶಕ್ತಿಯದು, ಮೂರು ಸಿಲಿಂಡರು, ಓಟ ನಯ. ಇಕ್ಕಟ್ಟಾದ ತೋಟಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಹಿಂದಿನ ಹೈಡ್ರಾಲಿಕ್ ಎತ್ತುವುದು 500 ಕಿಲೋ. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಔಷಧಿ ಹೊಡೆಯುವ 500 ಲೀಟರಿನ ಟ್ಯಾಂಕಿನಲ್ಲಿ ನೀರೇ 500 ಕಿಲೋ, ಅದರ ಮೇಲೆ ಕಬ್ಬಿಣ, ಪಂಪು, ಪಂಖದ ತೂಕ. ಅಷ್ಟನ್ನು ಹೊತ್ತರೆ ಮುಂಗಾಲಿಗಳು ನೆಲ ಬಿಡುತ್ತವೆ. ಇಂಥ ಯಂತ್ರಕ್ಕೆ ಚಿಕ್ಕ ಟ್ಯಾಂಕನ್ನೋ, ಗಾಲಿಯ ಮೇಲೆ ಎಳೆದುಕೊಂಡು ಹೋಗುವ ಟ್ಯಾಂಕನ್ನೋ ಜೋಡಿಸಬೇಕು.

ದ್ರಾಕ್ಷಿ ದಾಳಿಂಬೆಯವರ ಮುಂದೆ ಸಾಮಾನ್ಯವಾಗಿ ನಿಲ್ಲುವ ಜೋಡಿ ಮಹೀಂದ್ರ ಜೀವೊ 245 ಮತ್ತು ಕುಬೋಟಾ ನಿಯೋಸ್ಟಾರ್ ಬಿ 2441. ಎರಡೂ 24 ಅಶ್ವಶಕ್ತಿ, ಎರಡಕ್ಕೂ ನಾಲ್ಕು ಗಾಲಿಯ ಎಳೆತ, ಎರಡೂ ಎತ್ತುವುದು 750 ಕಿಲೋ. ಕಾಗದದ ಮೇಲೆ ಅವಳಿಜವಳಿ. ಭೇದ ಎಂಜಿನಿನಲ್ಲಿದೆ. 2017ರಲ್ಲಿ ಬಂದ ಜೀವೊಗೆ ಎರಡು ಸಿಲಿಂಡರು, ಕುಬೋಟಾಕ್ಕೆ ಮೂರು. ಎರಡು ಸಿಲಿಂಡರಿನದು ಕಡಿಮೆ ಸುತ್ತಿನಲ್ಲಿಯೇ ಜಗ್ಗಿ ಎಳೆಯುತ್ತದೆ. ಮೂರು ಸಿಲಿಂಡರಿನದು ಹೆಚ್ಚು ಸುತ್ತಿನಲ್ಲಿ ಓಡಿ ಸದ್ದು ನಡುಕಗಳನ್ನು ಕಡಿಮೆ ಮಾಡುತ್ತದೆ. ದಿನಕ್ಕೆ ಆರೇಳು ಗಂಟೆ ಸಿಂಪಡಣೆಯೇ ಮುಖ್ಯ ಕೆಲಸವಾದ ತೋಟಕ್ಕೆ ನಾವು ಮೂರು ಸಿಲಿಂಡರಿನದನ್ನು ಮೆಚ್ಚುತ್ತೇವೆ. ತೋಟದ ಜೊತೆಗೆ ಟ್ರೇಲರ್ ಎಳೆತವೂ ಬಹಳವಿದ್ದರೆ ಎರಡು ಸಿಲಿಂಡರಿನದೂ ಹೀನವಲ್ಲ. 2023ರ ಆಗಸ್ಟಿನಲ್ಲಿ ಮಹೀಂದ್ರದವರು ಓಜಾ ಎಂಬ ಹಗುರ ಸಾಲನ್ನೂ ಪ್ರಕಟಿಸಿದರು. ಜಾನ್ ಡಿಯರ್‌ನವರ 3028 ಇಎನ್ ಇವುಗಳಿಗಿಂತ ಒಂದು ಮೆಟ್ಟಿಲು ಮೇಲೆ, 28 ಅಶ್ವಶಕ್ತಿ, ಬೆಲೆಯೂ ಹಾಗೆಯೇ. ಗುಜರಾತಿನ ರಾಜಕೋಟೆಯ ಕ್ಯಾಪ್ಟನ್ ಚಿಕ್ಕ ಟ್ರ್ಯಾಕ್ಟರುಗಳಿಗೇ ಮೀಸಲಾದ ಹೆಸರು. ನಾಲ್ಕು ಗಾಲಿಯ ಎಳೆತ ಎಲ್ಲರಿಗೂ ಬೇಕೇ ಎಂದರೆ, ಮಸಾರಿಯ ಒಣ ಹೊಲಕ್ಕೆ ಬೇಡ. ಹಸಿ ಎರೆಗೆ, ಏರುತಗ್ಗಿಗೆ, ಗಂಗಾವತಿ ಸಿಂಧನೂರುಗಳ ಕೆಸರುಗದ್ದೆಗೆ ಬೇಕು.

ಅಶ್ವಶಕ್ತಿಯ ಅಂಕಿ ನೋಡಿ ಮರುಳಾಗುವುದೂ ಸಲ್ಲದು. ರೋಟಾವೇಟರ್ ತಿರುಗಿಸುವುದು ಹಿಂದಿನ ಪಿ.ಟಿ.ಓ. ದಂಡದ ಶಕ್ತಿ, ಎಂಜಿನಿನ ಶಕ್ತಿಗಿಂತ ಅದು ಯಾವಾಗಲೂ ಕಡಿಮೆ. ಮಧ್ಯಪ್ರದೇಶದ ಬುದನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯಿದ್ದು, ಅದು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ ಪಿ.ಟಿ.ಓ. ಶಕ್ತಿ, ಡೀಸೆಲ್ ಖರ್ಚು, ಎತ್ತುವ ಬಲ ಮುಂತಾದವನ್ನು ವರದಿಯಲ್ಲಿ ಕೊಡುತ್ತದೆ. ನೀವು ನೋಡಿದ ಮಾದರಿಯ ಬುದನಿ ವರದಿಯನ್ನು ಡೀಲರರಲ್ಲಿ ಕೇಳಿರಿ. ಬಣ್ಣದ ಚಿತ್ರದ ಹಾಳೆ ಕೊಟ್ಟು ಸಾಗಹಾಕುವವರಿದ್ದರೆ ಅದೂ ಒಂದು ಉತ್ತರವೇ. ರೋಟಾವೇಟರಿನ ಅಗಲ ಹಿಂಗಾಲಿಗಳ ಹೊರ ಅಂಚನ್ನು ಮುಟ್ಟುವಷ್ಟಿರಬೇಕು. ಇಲ್ಲವಾದರೆ ಹದ ಮಾಡಿದ ಮಣ್ಣಿನ ಪಕ್ಕದಲ್ಲಿ ಗಾಲಿಯ ಗೆರೆ ಗಟ್ಟಿಯಾಗಿ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ದುರಸ್ತಿಯ ಜಾಗ ನಿಮ್ಮೂರಿನಿಂದ ಎಷ್ಟು ದೂರ? ಯಾವ ಯಂತ್ರವಾದರೂ ಕೆಡುವುದು ಬಿತ್ತನೆಯ ವಾರದಲ್ಲಿಯೇ. ಖರೀದಿಗೆ ಮುನ್ನ ಬಿಡಿಭಾಗದ ಅಂಗಡಿಗೆ ಹೋಗಿ, ಕ್ಲಚ್ ಪ್ಲೇಟು, ಆಯಿಲ್ ಫಿಲ್ಟರು, ಮುಂಗಾಲಿಯ ಟೈರು, ಈ ಮೂರು ಇವೆಯೇ, ಬೆಲೆಯೇನು ಎಂದು ಕೇಳಿ ಬನ್ನಿರಿ. ಚಿಕ್ಕ ಟ್ರ್ಯಾಕ್ಟರುಗಳ ಟೈರಿನ ಅಳತೆ ಬೇರೆಯಾದುದರಿಂದ ಎಲ್ಲ ಅಂಗಡಿಗಳಲ್ಲಿ ಸಿಕ್ಕುವುದಿಲ್ಲ. ಎರಡು ಕಂಪನಿಗಳು ಸರಿಸಮವಾಗಿ ಕಂಡರೆ, ಹದಿನೈದು ಇಪ್ಪತ್ತು ಕಿಲೋಮೀಟರಿನೊಳಗೆ ಮಿಸ್ತ್ರಿ ಸಿಕ್ಕುವ ಕಂಪನಿಯನ್ನೇ ನಾವು ಆರಿಸುತ್ತೇವೆ, ಐದು ಹತ್ತು ಸಾವಿರ ಹೆಚ್ಚಾದರೂ ಸರಿಯೇ.

ಹಣದ ವಿಷಯದಲ್ಲಿ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರು ಮತ್ತು ಬಿಡಿಭಾಗಗಳದು 18ರಿಂದ 5ಕ್ಕೆ ಇಳಿದಿದೆ. ಕೊಟೇಶನ್ನಿನಲ್ಲಿ ತೆರಿಗೆಯ ಸಾಲನ್ನು ಬೆರಳಿಟ್ಟು ಓದಿರಿ. ಸಹಾಯಧನ ಬೇಕೆನ್ನುವವರು ಮುಂಗಡ ಕೊಡುವ ಮೊದಲೇ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ಪತ್ರ ಪಡೆದು ಪಹಣಿಯ ಹನ್ನೊಂದನೆಯ ಕಾಲಂನಿಂದ ಋಣದ ನಮೂದನ್ನು ತೆಗೆಸುವವರೆಗೆ ಕೆಲಸ ಮುಗಿದಂತಲ್ಲ. ತಂದೆ ತೀರಿಸಿದ ಸಾಲ ಪಹಣಿಯಲ್ಲಿ ಹಾಗೆಯೇ ಉಳಿದು ಮಕ್ಕಳ ಪಾಲುಪತ್ರಕ್ಕೆ ಅಡ್ಡಬರುವುದುಂಟು.

ಕೊನೆಯದಾಗಿ, ಓಡಿಸುವವರು ಯಾರು? ಮಗ ಊರಿನಲ್ಲಿಲ್ಲದ ಮನೆಗಳಲ್ಲಿ ತೋಟದ ಭಾರ ಈಗ ಸೊಸೆಯ ಮೇಲೆ, ಅತ್ತೆಯ ಮೇಲೆ ಬಿದ್ದಿದೆ. ಆದರೂ ಶೋರೂಮಿಗೆ ಹೋಗುವ ಗುಂಪಿನಲ್ಲಿ ಅವರಿರುವುದಿಲ್ಲ. ಹಾರ ಹಾಕಿ, ಗಾಲಿಯಡಿ ನಿಂಬೆಹಣ್ಣಿಡುವ ದಿನವೇ ಅವರು ಯಂತ್ರವನ್ನು ಮೊದಲ ಬಾರಿ ಕಾಣುವುದು. ಮನೆಯ ಹೆಣ್ಣುಮಕ್ಕಳನ್ನು ಮೊದಲೇ ಕರೆದೊಯ್ದು ಕೂರಿಸಿ ನೋಡಬೇಕು. ಕ್ಲಚ್ಚಿಗೆ ಕಾಲು ಪೂರ್ತಿ ಮುಟ್ಟುತ್ತದೆಯೇ, ಗೇರಿನ ಹಿಡಿಕೆ ಕಾಲುಗಳ ನಡುವೆ ಇದೆಯೇ ಪಕ್ಕಕ್ಕಿದೆಯೇ, ಹತ್ತಿಳಿಯಲು ಮೆಟ್ಟಿಲು ತಗ್ಗಾಗಿದೆಯೇ ಎಂಬುದನ್ನು ಅವರೇ ಹೇಳಲಿ. ಸೀರೆ ಉಟ್ಟವರಿಗೂ ಪಂಚೆ ಉಟ್ಟವರಿಗೂ ತಿರುಗುವ ಪಿ.ಟಿ.ಓ. ದಂಡಕ್ಕಿಂತ ಕೆಟ್ಟ ಶತ್ರುವಿಲ್ಲ. ನಿಮಿಷಕ್ಕೆ 540 ಸುತ್ತು ತಿರುಗುವ ಅದು ಸೆರಗಿನ ತುದಿಯನ್ನು ಹಿಡಿದರೆ ಕೂಗಿಕೊಳ್ಳಲೂ ಸಮಯ ಕೊಡದು. ಅದರ ಮೇಲಿನ ಪ್ಲಾಸ್ಟಿಕ್ ಕವಚವನ್ನು ಅಡ್ಡಿಯೆಂದು ಕಿತ್ತೆಸೆಯುವುದನ್ನು ನಾವು ಹಲವು ಊರುಗಳಲ್ಲಿ ಕಂಡಿದ್ದೇವೆ. ಯಂತ್ರವನ್ನು ಮನೆಗೆ ತರುವ ದಿನ ಆ ಕವಚ ಇದೆಯೇ ಎಂದು ನೋಡಿಯೇ ರಸೀದಿಗೆ ಸಹಿ ಹಾಕಿರಿ. ಮುಂದೆ ಅದು ಮುರಿದರೆ, ಹೊಸದು ಬರುವವರೆಗೆ ರೋಟಾವೇಟರ್ ಕೊಟ್ಟಿಗೆಯಲ್ಲಿಯೇ ಇರಲಿ.