ಬಟವಾಡೆಯ ಲೆಕ್ಕ ಮತ್ತು ಮನಸ್ಸಿನ ಲೆಕ್ಕ



ಕೆಲಸಗಾರರ ಅಭಾವದ ಮಾತು ಬಾರದ ಬೆಳೆಗಾರರ ಸಭೆ ಇಂದು ಇಲ್ಲವೆಂದೇ ಹೇಳಬೇಕು. ಕೂಲಿ ಎಷ್ಟು ಏರಿತು, ಜನರನ್ನು ಎಲ್ಲಿಂದ ಕರೆತರಬೇಕು ಎಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ. ಬಂದವರು ಏಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳುವುದು ಕಡಿಮೆ. ಆ ಬಗ್ಗೆ ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಹೊರಮಾವು, ಕೃಷ್ಣರಾಜಪುರಗಳ ಕಡೆ ಮನೆ ಮಾಡಿಕೊಂಡು ಕಂಪನಿಗಳಲ್ಲಿ ದುಡಿಯುವ ಬೆಳೆಗಾರರ ಮಕ್ಕಳ ಬಾಯಲ್ಲಿ ‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. 1990ರಲ್ಲಿ ಸಲೋವೆ ಮತ್ತು ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಈ ಹೆಸರಿನಲ್ಲಿ ಪ್ರಬಂಧ ಬರೆದರು. 1995ರಲ್ಲಿ ಬಂದ ಡೇನಿಯಲ್ ಗೋಲ್‌ಮನ್ ಅವರ ಪುಸ್ತಕದಿಂದ ಅದು ಎಲ್ಲೆಡೆ ಪ್ರಚಾರಕ್ಕೆ ಬಂತು. ತನ್ನ ಕೋಪತಾಪಗಳನ್ನು ತಾನೇ ಗುರುತಿಸಿ ಹಿಡಿತದಲ್ಲಿಟ್ಟುಕೊಳ್ಳುವುದು, ಎದುರಿನವರ ಮನಸ್ಸನ್ನು ಅರಿತು ನಡೆದುಕೊಳ್ಳುವುದು ಎಂದು ಸ್ಥೂಲವಾಗಿ ಅದರ ಅರ್ಥ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದ ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಆದರೆ ಮೇಲಿನವರಲ್ಲಿ ಈ ಗುಣ ಇಲ್ಲದಿದ್ದರೆ ಎಷ್ಟು ನಷ್ಟ ಎಂಬುದಕ್ಕೆ ನಿದರ್ಶನ ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಕೃಷ್ಣರಾಜಪುರದಿಂದ ಹಳೇ ಮದರಾಸು ರಸ್ತೆ ಹಿಡಿದು ಹೊಸಕೋಟೆ ದಾಟಿದರೆ, ಕೋಲಾರಕ್ಕೆ ಮುಂಚೆ ನರಸಾಪುರ ಸಿಗುತ್ತದೆ. ಅಲ್ಲಿ ಆಪಲ್ ಕಂಪನಿಗೆ ಫೋನು ತಯಾರಿಸಿಕೊಡುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಗ್ಗೆ ಕಾರ್ಮಿಕರು ದಾಂಧಲೆ ಎದ್ದು ಗಾಜು, ಯಂತ್ರ, ವಾಹನಗಳನ್ನು ಪುಡಿಗಟ್ಟಿದರು. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಆನಂತರ ಕಾರ್ಖಾನೆಗಳ ಇಲಾಖೆಯ ತಪಾಸಣೆಯಲ್ಲಿ ಕಂಡದ್ದನ್ನು ನಾವು ಗಮನಿಸಬೇಕು. ಅಲ್ಪಾವಧಿಯಲ್ಲಿ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಎಂಟು ಗಂಟೆಯ ಪಾಳಿ ಅಕ್ಟೋಬರಿನಲ್ಲಿ ಹನ್ನೆರಡು ಗಂಟೆಯದಾಗಿತ್ತು. ಹಾಜರಿ ಯಂತ್ರದ ದೋಷವನ್ನು ಎರಡು ತಿಂಗಳಾದರೂ ಸರಿಪಡಿಸಿರಲಿಲ್ಲ. ಸಿಬ್ಬಂದಿ ವಿಭಾಗದಲ್ಲಿ ಕಾರ್ಮಿಕ ಕಾನೂನು ಬಲ್ಲವರು ಸಾಕಷ್ಟು ಇರಲಿಲ್ಲ. ಆಪಲ್ ಸಂಸ್ಥೆಯ ಪ್ರಾಥಮಿಕ ತನಿಖೆಯೂ ಅಕ್ಟೋಬರ್, ನವೆಂಬರ್ ತಿಂಗಳ ವೇತನ ಕೆಲವರಿಗೆ ತಡವಾದುದನ್ನು ಒಪ್ಪಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು.

ಸಂಬಳ ಕಡಿಮೆ ಬಂದವನು ಮೊದಲ ದಿನವೇ ಕಲ್ಲು ಎತ್ತುವುದಿಲ್ಲ. ಮೊದಲು ಪಕ್ಕದವನನ್ನು ಕೇಳುತ್ತಾನೆ, ಆಮೇಲೆ ಮೇಲ್ವಿಚಾರಕನನ್ನು ಕೇಳುತ್ತಾನೆ. ‘ನೋಡೋಣ’ ಎಂಬ ಉತ್ತರ ಎರಡು ಬಾರಿ ಬಂದರೆ ಕೇಳುವುದನ್ನೇ ಬಿಡುತ್ತಾನೆ. ಈ ಮೌನವನ್ನು ಶಾಂತಿ ಎಂದು ತಿಳಿಯುವುದೇ ಆಡಳಿತಗಾರರ ದೊಡ್ಡ ಕುರುಡುತನ. ದುಡ್ಡಿನ ತಕರಾರು ಬಹಳ ಸಲ, ಕೇಳುವವರಿಲ್ಲ ಎಂಬ ತಕರಾರಾಗಿ ಬೆಳೆಯುತ್ತದೆ.

ಇನ್ನು ನಮ್ಮ ತೋಟಗಳಿಗೆ ಬರೋಣ. ಕಾಫಿ ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗುವ ಜಾಗವೇ ನಮ್ಮ ನರಸಾಪುರ. ಒದ್ದೆ ಹಣ್ಣೆಂದೂ ಚೀಲದ ತೂಕವೆಂದೂ ರೈಟರು ಒಂದೆರಡು ಕಿಲೋ ಮುರಿದುಕೊಂಡರೆ, ಏಕೆಂದು ಹೇಳದಿದ್ದರೆ, ದಿನವಿಡೀ ಕೊಯ್ದ ಹೆಂಗಸಿನ ಮುಖ ಅಲ್ಲಿಯೇ ಬಾಡುತ್ತದೆ. ಅಸ್ಸಾಮಿನಿಂದ ಬಂದವರಿಗಂತೂ ಬಾಯಿಬಿಟ್ಟು ಕೇಳಲು ಕನ್ನಡವಿಲ್ಲ. ಅವರು ಕೇಳುವುದಿಲ್ಲ, ಒಂದು ಬೆಳಗ್ಗೆ ಲೈನ್‌ಮನೆ ಖಾಲಿ ಮಾಡಿ ಪಕ್ಕದ ಎಸ್ಟೇಟಿಗೆ ಹೋಗುತ್ತಾರೆ. ಅಡಿಕೆ ತೋಟದಲ್ಲೂ ಹಾಗೆಯೇ. ಮಳೆಗಾಲದಲ್ಲಿ ಬೋರ್ಡೋ ಹೊಡೆಯಲು ಬಂದ ಕೊನೆಗಾರ ಮರ ನೋಡಿ ‘ಇವತ್ತು ಬೇಡ, ಜಾರ್ತದೆ’ ಎಂದರೆ ಅದು ಸೋಮಾರಿತನವಲ್ಲ. ಕೊಳೆರೋಗದ ಅವಸರದಲ್ಲಿರುವ ಯಜಮಾನನಿಗೆ ಆ ಭಯ ಕಾಣದಿದ್ದರೆ ಒಂದು ಜೀವವೇ ಹೋಗಬಹುದು.

‘ನಮ್ಮಪ್ಪನ ಕಾಲದಲ್ಲಿ ಗದರಿಸಿದರೆ ಕೆಲಸ ಆಗುತ್ತಿತ್ತು, ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ’ ಎನ್ನುವ ಸದಸ್ಯರಿದ್ದಾರೆ. ಆಗ ಗದರಿಕೆ ನಡೆದದ್ದು ಕೆಲಸಗಾರನಿಗೆ ಬೇರೆ ದಾರಿ ಇಲ್ಲದ್ದರಿಂದ. ಅಲ್ಲದೆ ಮನಸ್ಸು ಅರಿಯುವುದೆಂದರೆ ಕೇಳಿದ್ದಕ್ಕೆಲ್ಲ ಹೂಂ ಎನ್ನುವುದಲ್ಲ. ಮುಂಗಡ ಕೊಡಲಾಗದಿದ್ದರೆ ಆಗದು ಎನ್ನಬೇಕು, ಆದರೆ ಕಾರಣ ಹೇಳಿ ಎನ್ನಬೇಕು, ನಾಲ್ಕು ಜನರ ಎದುರು ಹೀಯಾಳಿಸಿ ಅಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಪಾಯವನ್ನೂ ಹೇಳಬೇಕು. ಕೆಲವು ಕಂಪನಿಗಳಲ್ಲಿ ಈ ವಿದ್ಯೆ ನಗುಮುಖದ ತರಬೇತಿಯಾಗಿ ಮುಗಿಯುತ್ತದೆ. ಸಂಬಳದ ಲೆಕ್ಕ ತಪ್ಪಾಗಿದ್ದು ಸವಿಮಾತು ಮಾತ್ರ ಸರಿಯಾಗಿದ್ದರೆ ಅದು ಬುದ್ಧಿಮತ್ತೆಯಲ್ಲ, ಮೋಸ. ಮೊದಲು ಬಟವಾಡೆ ಪುಸ್ತಕ ನೆಟ್ಟಗಿರಬೇಕು, ಒಳ್ಳೆಯ ಮಾತು ಅದರ ಮೇಲೆ ನಿಲ್ಲಬೇಕು.

ನಮ್ಮ ಸಂಘಗಳ ಕಚೇರಿಗಳಿಗೂ ಈ ಮಾತು ಸಲ್ಲುತ್ತದೆ. ರಾಶಿ ಎಂದು ನಂಬಿ ತಂದ ಅಡಿಕೆಗೆ ಕಡಿಮೆ ದರ್ಜೆ ಬಿದ್ದ ಸದಸ್ಯ ಕಿಟಕಿಯ ಮುಂದೆ ಕೂಗಾಡಿದರೆ, ಗುಮಾಸ್ತರು ನಿಯಮದ ಪುಸ್ತಕ ತೆಗೆಯುವ ಮೊದಲು ಮಾದರಿಯನ್ನು ಅವರ ಕೈಗಿಟ್ಟು ದೋಷ ತೋರಿಸಲಿ. ದರ ಬದಲಾಗದಿದ್ದರೂ ಸದಸ್ಯ ಉಳಿಯುತ್ತಾನೆ.

ಆದ್ದರಿಂದ ಬರುವ ಕೊಯ್ಲಿಗೆ ಮೊದಲು ಮೂರು ಕೆಲಸ ಮಾಡೋಣವೆಂದು ನನ್ನ ವಿನಂತಿ. ತೂಕವನ್ನು ಕೊಯ್ದವರ ಕಣ್ಣೆದುರೇ ನೋಡಿ, ಮುರಿದುಕೊಂಡದ್ದನ್ನು ಕಾರಣಸಹಿತ ಬರೆದು, ಗಟ್ಟಿಯಾಗಿ ಓದಿ ಹೇಳುವುದು. ಬಟವಾಡೆಯ ದಿನ ಯಜಮಾನರೇ ಅರ್ಧ ಗಂಟೆ ಕುಳಿತು, ಕೆಲಸಗಾರರ ಭಾಷೆ ಬಲ್ಲ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು, ದೂರು ಕೇಳುವುದು. ಕೇಳಿದ ದೂರಿಗೆ ಮುಂದಿನ ಬಟವಾಡೆಯೊಳಗೆ ಹೌದೋ ಅಲ್ಲವೋ ಉತ್ತರ ಕೊಡುವುದು. ಇವಕ್ಕೆ ಖರ್ಚಿಲ್ಲ. ಬೇಕಾದುದು ಸ್ವಲ್ಪ ತಾಳ್ಮೆ; ಅದನ್ನು ಮಾತ್ರ ಯಾವ ಸಂಘವೂ ಸಾಲವಾಗಿ ಕೊಡಲಾರದು.