ಪಂಪು ಬಿಚ್ಚೋ ಮುಂಚೆ ರೀಡಿಂಗ್ ತೋರಿಸಿ ಅನ್ನಿ

ಗಾಡಿ ಎಳೀತಿಲ್ಲ ಅಂದ ತಕ್ಷಣ ನಮ್ಮ ಕಡೆ ಎರಡೇ ಮಾತು. ಪಂಪು ಹೋಗಿದೆ, ಇಲ್ಲಾ ಇಂಜೆಕ್ಟರ್ ಹೋಗಿದೆ. ಹಳೇ ಎಂಜಿನ್ನಿಗೆ ಈ ಮಾತು ಎಷ್ಟೋ ಸಲ ಸರಿ ಇತ್ತು. ಈಗಿನ ಕಂಪ್ಯೂಟರ್ ಇರೋ ಡೀಸೆಲ್ ಎಂಜಿನ್ನಿಗೂ ಅದನ್ನೇ ಹೇಳ್ಕೊಂಡು ಸ್ಪ್ಯಾನರ್ ಹಿಡಿಯೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಪಂಪು, ಇಂಜೆಕ್ಟರ್ ಎರಡೂ ಕೊನೆಗೆ ನೋಡಬೇಕಾದವು. ಸ್ವಲ್ಪ ಉದ್ದಕ್ಕೇ ಬರೀತೀನಿ, ಟೊಮೆಟೊ ಕೀಳೋಕೆ ಶುರುವಾದ ಮೇಲೆ ಯಾರಿಗೂ ಓದೋಕೆ ಪುರುಸೊತ್ತು ಇರಲ್ಲ.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲಿನ ಡೀಸೆಲ್ ಪಿಕಪ್‌ಗಳೆಲ್ಲ ಕಂಪ್ಯೂಟರ್ ಎಂಜಿನ್ನೇ. 2023ರ ಜನವರಿ 1ರಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರಿಗೆ ಟ್ರೆಮ್ 4 ನಿಯಮ ಬಂತು, ಅವೂ ಇದೇ ದಾರಿ ಹಿಡಿದವು. ಸಣ್ಣ ಟ್ರ್ಯಾಕ್ಟರ್ ಇಟ್ಟಿರೋರು ಬಹುಪಾಲು ಹಳೇ ಪಂಪಿನಲ್ಲೇ ಇದ್ದೀವಿ. ಆದರೆ ಬಾಡಿಗೆಗೆ ಬರೋ ದೊಡ್ಡ ಟ್ರ್ಯಾಕ್ಟರ್ ನಿಂತ್ರೆ ನಮ್ಮ ಉಳುಮೆಯೂ ನಿಲ್ಲತ್ತೆ ಅಲ್ವಾ.

ಮೊದಲು ಇದೊಂದು ತಿಳ್ಕೋಬೇಕು. ಹಳೇ ಎಂಜಿನ್ನಲ್ಲಿ ಆಕ್ಸಿಲೇಟರ್ ತುಳಿದ್ರೆ ಅದು ನೇರ ಪಂಪಿನ ಲಿವರ್ ಎಳೀತಿತ್ತು. ಈಗ ನೀವು ತುಳಿಯೋದು ಬರೀ ಒಂದು ಅರ್ಜಿ. ಇಸಿಯು ಅನ್ನೋ ಡಬ್ಬಿ ಗಾಳಿ ಎಷ್ಟು ಬರ್ತಿದೆ, ನೀರು ಎಷ್ಟು ಬಿಸಿ ಇದೆ, ಡೀಸೆಲ್ ಒತ್ತಡ ಎಷ್ಟಿದೆ ಎಲ್ಲಾ ನೋಡಿ ಇಷ್ಟು ಡೀಸೆಲ್ ಅಂತ ಮಂಜೂರು ಮಾಡತ್ತೆ. ಯಾವುದಾದರೂ ಸೆನ್ಸರ್ ಮೇಲೆ ಅನುಮಾನ ಬಂದ್ರೆ, ಎಂಜಿನ್ ಉಳೀಲಿ ಅಂತ ತಾನೇ ಶಕ್ತಿ ಇಳಿಸಿಬಿಡತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ ಲಿಂಪ್ ಮೋಡ್ ಅಂತಾರೆ. ಅಂದ್ರೆ ಎಂಜಿನ್ನಿಗೆ ಕೈಲಾಗದೆ ಎಳೆಯದೇ ಇರೋದು ಬೇರೆ, ಎಳೆಯೋಕೆ ಬಿಡದೇ ಇರೋದು ಬೇರೆ. ಎರಡನೇ ಥರದ್ದಕ್ಕೆ ನೀವು ಹೊಸ ಪಂಪು ಹಾಕಿಸಿದ್ರೂ ಗಾಡಿ ಎಳೆಯಲ್ಲ.

ಇದನ್ನ ಕಂಡುಹಿಡಿಯೋಕೆ ಕಾಸು ಬೇಡ. ದಿಣ್ಣೆ ಹತ್ತುವಾಗ ಒಮ್ಮೆಲೇ ಶಕ್ತಿ ಬಿದ್ದುಹೋಯ್ತು, ಕೀ ಆಫ್ ಮಾಡಿ ಒಂದೈದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದ್ರೆ ಮತ್ತೆ ಚೆನ್ನಾಗಿ ಎಳೀತು, ಮುಂದಿನ ದಿಣ್ಣೇಲಿ ಮತ್ತೆ ಬಿತ್ತು ಅಂದ್ರೆ, ಬಹುಮಟ್ಟಿಗೆ ಇಸಿಯುನೇ ತಡೀತಿದೆ. ದಿನದಿಂದ ದಿನಕ್ಕೆ ನಿಧಾನವಾಗಿ ಕಡಿಮೆ ಆಗಿದ್ರೆ ಫಿಲ್ಟರು, ಇಜಿಆರ್ ಮಸಿ, ಸವೆತ ಇವುಗಳ ಕಡೆ ನೋಡಬೇಕು. ಆರ್‌ಪಿಎಂ ಏರತ್ತೆ ಆದ್ರೆ ಗಾಡಿ ಮುಂದೆ ಹೋಗಲ್ಲ ಅಂದ್ರೆ ಕ್ಲಚ್ಚು, ಎಂಜಿನ್ ತಂಟೆಗೇ ಹೋಗಬೇಡಿ.

ಹೊಗೆನೂ ಹೇಳತ್ತೆ. ಕಪ್ಪು ಹೊಗೆ ಜೊತೆ ಶಕ್ತಿ ಕಡಿಮೆ ಅಂದ್ರೆ ಡೀಸೆಲ್ ಬರ್ತಿದೆ, ಗಾಳಿ ಸಾಲ್ತಿಲ್ಲ. ಏರ್ ಫಿಲ್ಟರು, ಟರ್ಬೊ ಪೈಪು, ತೆರೆದೇ ಸಿಕ್ಕಿಕೊಂಡ ಇಜಿಆರ್ ನೋಡಿ. ಡಿಪಿಎಫ್ ಇರೋ ಗಾಡೀಲಿ ಮಾತ್ರ ಹೊಗೆ ಅದರೊಳಗೇ ಸಿಕ್ಕಿಕೊಳ್ಳೋದ್ರಿಂದ ಈ ಲೆಕ್ಕ ನಂಬೋ ಹಾಗಿಲ್ಲ. ಹೊಗೆನೇ ಇಲ್ಲ, ಶಕ್ತಿನೂ ಇಲ್ಲ ಅಂದ್ರೆ ಡೀಸೆಲ್ ಸಾಲ್ತಿಲ್ಲ, ಇಲ್ಲಾ ಇಸಿಯು ಕೊಡ್ತಿಲ್ಲ.

ಪಕ್ಕದ ಊರಲ್ಲಿ ಒಂದು ಹೊಸ ಟ್ರ್ಯಾಕ್ಟರ್ ಹೀಗೇ ಆಯ್ತು. ರೋಟವೇಟರ್ ಮಣ್ಣಿಗೆ ಇಳಿಸಿದ್ರೆ ಉಸಿರು ಕಟ್ಟಿದ ಹಾಗೆ ಆಗ್ತಿತ್ತು, ಹೊಗೆ ಇಲ್ಲ. ಹೊಗೆ ಇಲ್ಲದ್ದರಿಂದ ಡೀಸೆಲ್ ಕಡಿಮೆ ಅಂತ ಲೆಕ್ಕ ಹಾಕಿ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಟೆಸ್ಟಿಗೆ ಕಳಿಸಿದ್ರು. ನಾಲ್ಕೂ ಚೆನ್ನಾಗಿವೆ ಅಂತ ವಾಪಸ್ ಬಂದ್ವು. ಎಂಟು ದಿನ ಹೋಯ್ತು, ಮಳೆ ಬಿದ್ದ ಹದ ಹೋಯ್ತು. ಕೊನೆಗೆ ಸಿಕ್ಕಿದ್ದು ಇಂಟರ್‌ಕೂಲರ್ ಹೋಸಿನ ತಳಭಾಗದಲ್ಲಿ ಒಂದು ಸೀಳು. ನಿಂತಿದ್ದಾಗ ಕಾಣಲ್ಲ, ಟರ್ಬೊ ಒತ್ತಡ ಬಂದಾಗ ಮಾತ್ರ ಬಾಯಿ ಬಿಡತ್ತೆ. ಗಾಳಿ ಸಾಲದು ಅಂತ ಗೊತ್ತಾಗಿ ಇಸಿಯು ಡೀಸೆಲ್ಲನ್ನೂ ಕಡಿಮೆ ಮಾಡಿತ್ತು, ಅದಕ್ಕೇ ಹೊಗೆ ಇರಲಿಲ್ಲ. ಟರ್ಬೊ ಒತ್ತಡ ಕಡಿಮೆ ಅನ್ನೋ ಕೋಡು ಮೊದಲ ದಿನದಿಂದಲೂ ಡಬ್ಬಿಯೊಳಗೆ ಕೂತಿತ್ತು. ಯಾರೂ ಕೇಳಿರಲಿಲ್ಲ ಅಷ್ಟೇ.

ಹಾಗಂತ ಕೋಡು ಬಂದ ತಕ್ಷಣ ಅದು ಹೇಳಿದ ಪಾರ್ಟ್ ಬದಲಾಯಿಸೋದೂ ಕುರುಡು ಕೆಲಸವೇ. ಕೋಡು ದೂರು ಕೊಟ್ಟವನ ಹಾಗೆ, ತೀರ್ಪು ಕೊಟ್ಟವನಲ್ಲ. ಪಿ0087 ಅಂದ್ರೆ ರೈಲ್ ಒತ್ತಡ ಕಡಿಮೆ ಅಂತ ಮಾತ್ರ. ಪಂಪು ಹೋಗಿದೆ ಅಂತ ಅದು ಹೇಳಲೇ ಇಲ್ಲ.

ಸ್ಕ್ಯಾನರಿನಲ್ಲಿ ನಾವು ಕೇಳಬೇಕಾದ್ದು ಲೈವ್ ರೀಡಿಂಗ್. ಅದರಲ್ಲಿ ರೈಲ್ ಒತ್ತಡಕ್ಕೆ ಸಾಮಾನ್ಯವಾಗಿ ಎರಡು ಲೆಕ್ಕ ಇರತ್ತೆ, ಇಸಿಯು ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು. ಸೊಸೈಟಿಯಲ್ಲಿ ಹತ್ತು ಮೂಟೆ ಯೂರಿಯಾ ಬರೆಸಿ ಆರು ಬಂದ್ರೆ ಕೊರತೆ. ಆರೇ ಬರೆಸಿ ಆರು ಬಂದ್ರೆ ಲಾರಿಯವನನ್ನ ಬೈದು ಏನು ಪ್ರಯೋಜನ? ಇಲ್ಲೂ ಅಷ್ಟೇ. ಲೋಡಿನಲ್ಲಿ 1,400 ಬಾರ್ ಕೇಳಿ 900 ಸಿಕ್ತಿದ್ರೆ ಡೀಸೆಲ್ ದಾರೀಲಿ ತೊಂದರೆ. ಕೇಳ್ತಿರೋದೇ 700, ಸಿಕ್ತಿರೋದೂ 700 ಅಂದ್ರೆ ಪಂಪಿನ ತಪ್ಪಿಲ್ಲ. ಇಸಿಯು ಯಾಕೆ ಕಡಿಮೆ ಕೇಳ್ತಿದೆ ಅಂತ ಹುಡುಕಬೇಕು. ಪೆಡಲ್ ಪೂರ್ತಿ ತುಳಿದಾಗ 100ರ ಹತ್ತಿರ ತೋರಿಸ್ತಾ ನೋಡಿ. ಕಾಲಡಿ ಮ್ಯಾಟು ಸಿಕ್ಕಿಕೊಂಡು 70ಕ್ಕೇ ನಿಲ್ಲೋದೂ ಉಂಟು. ಕೀ ಆನ್, ಎಂಜಿನ್ ಆಫ್ ಇದ್ದಾಗ ಟರ್ಬೊ ಒತ್ತಡದ ಸೆನ್ಸರ್ ಹೊರಗಿನ ಗಾಳಿ ಒತ್ತಡವನ್ನೇ ತೋರಿಸಬೇಕು. ನಮ್ಮ ಕೋಲಾರದ ಎತ್ತರಕ್ಕೆ ಅದು 90 ಚಿಲ್ಲರೆ ಕಿಲೋಪಾಸ್ಕಲ್, ಮಂಗಳೂರಲ್ಲಾದ್ರೆ 101ರ ಆಸುಪಾಸು. ಎಂಜಿನ್ ಆಫ್ ಇದ್ದಾಗಲೇ 140 ಅಂತಿದ್ರೆ ಸೆನ್ಸರ್ರೋ ವೈರೋ ಸುಳ್ಳು ಹೇಳ್ತಿದೆ. ವೈರು ಅಂದಾಗ ನೆನಪಾಯ್ತು, ಹುಲ್ಲಿನ ಬಣವೆ ಪಕ್ಕ ಗಾಡಿ ನಿಲ್ಲಿಸೋರು ಇಲಿ ಕಡಿದಿದೆಯಾ ಅಂತ ಮೊದಲು ಬಾನೆಟ್ ಎತ್ತಿ ನೋಡಿ.

ಈ ರೀಡಿಂಗ್ ಶೆಡ್ಡಲ್ಲಿ ನಿಲ್ಲಿಸಿ ತೆಗೆದ್ರೆ ಏನೂ ಸಿಗಲ್ಲ. ಐಡ್ಲಿಂಗಲ್ಲಿ 300 ಬಾರ್ ಆಸುಪಾಸು ಯಾವ ಸವೆದ ಪಂಪಾದ್ರೂ ಕೊಡತ್ತೆ. 15 ಕೆಜಿ ಬಾಕ್ಸು ನೂರು ಹೇರಿ ದಿಣ್ಣೆ ಹತ್ತಿಸಿ, ರೋಟವೇಟರ್ ಮಣ್ಣಲ್ಲಿ ಇಟ್ಟು ನೋಡಿ. ಸ್ಕ್ಯಾನರ್ ಪಕ್ಕದಲ್ಲಿ ಕೂತೋರ ಕೈಲಿರಲಿ, ಡ್ರೈವರ್ ಕೈಲಲ್ಲ.

ನಿಜವಾಗಲೂ ಒತ್ತಡ ಬೀಳ್ತಿದೆ ಅಂತಾದ್ರೂ ಟ್ಯಾಂಕಿಂದ ಶುರು ಮಾಡಿ. ಮುಚ್ಚಳದ ಉಸಿರುತೂತು ಕಟ್ಟಿದ್ರೆ ಸ್ವಲ್ಪ ದೂರ ಹೋದ ಮೇಲೆ ಡೀಸೆಲ್ ಬರಲ್ಲ. ಮುಚ್ಚಳ ತೆಗೆದಾಗ ಸುಸ್ ಅಂತ ಗಾಳಿ ಒಳಗೆ ಹೋದ್ರೆ ಅದೇ ಕಳ್ಳ. ಆಮೇಲೆ ಜಾಲರಿ, ಫಿಲ್ಟರು, ಫಿಲ್ಟರಿನ ನೀರು, ಗಾಳಿ ಎಳೆಯೋ ಪೈಪು. ಕ್ಯಾನಲ್ಲಿ ಡೀಸೆಲ್ ತಂದು ಬಟ್ಟೆಯಲ್ಲಿ ಸೋಸಿ ಹಾಕೋ ಅಭ್ಯಾಸ ಈ ಎಂಜಿನ್ನಿಗೆ ಆಗಲ್ಲ, ಬಟ್ಟೆ ನೀರು ತಡೆಯಲ್ಲ. ಇಷ್ಟೂ ಸರಿ ಇದ್ರೆ ಇಂಜೆಕ್ಟರ್ ರಿಟರ್ನ್ ಟೆಸ್ಟು. ನಾಲ್ಕಕ್ಕೂ ಪೈಪು ಹಾಕಿ ನಾಲ್ಕು ಬಾಟಲಿಗೆ ಬಿಟ್ರೆ ಯಾವುದು ಹೆಚ್ಚು ಸೋರ್ತಿದೆ ಅಂತ ಕಣ್ಣಿಗೇ ಕಾಣತ್ತೆ. ಅದಾದ ಮೇಲೆ ಪಂಪು.

ಹಳಬರಿಗೆ ಒಂದು ಮಾತು ಜೋರಾಗಿ ಹೇಳಬೇಕು. ಓಡ್ತಿರೋ ಎಂಜಿನ್ನಲ್ಲಿ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ನೋಡೋ ಹಳೇ ಪದ್ಧತಿ ಇಲ್ಲಿ ಬೇಡವೇ ಬೇಡ. ನಮ್ಮ ಡ್ರಿಪ್ಪು ಓಡೋದು 1 ಬಾರ್ ಆಸುಪಾಸಿನಲ್ಲಿ. ಈ ಪೈಪಲ್ಲಿ ಸಾವಿರದ ಮೇಲೆ ಹೋಗತ್ತೆ. ಸೂಜಿಯಷ್ಟು ಧಾರೆ ಚರ್ಮ ತೂರಿ ಒಳಗೆ ಹೋಗತ್ತೆ, ಕೈಯೇ ಹೋಗಬಹುದು. ಸೋರ್ತಿದೆಯಾ ಅಂತ ಬೆರಳಲ್ಲಿ ಸವರಿ ನೋಡೋದೂ ಬೇಡ. ಹಾಗೇನಾದ್ರೂ ಹೊಕ್ಕರೆ ಗಾಯ ಸಣ್ಣದು ಅಂತ ಸುಮ್ಮನಿರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೆಕ್ಯಾನಿಕ್‌ಗಳನ್ನ ಬೈಯೋಕೆ ಇದನ್ನ ಬರೀತಿಲ್ಲ. ತಪ್ಪಿನಲ್ಲಿ ಅರ್ಧ ನಮ್ಮ ಊರಿನ ಲೆಕ್ಕಾಚಾರದ್ದು. ಎರಡು ಗಂಟೆ ತಲೆ ಓಡಿಸಿ ಹೋಸಿನ ಸೀಳು ಹುಡುಕಿದವನಿಗೆ ಐನೂರು ಕೊಡೋಕೆ ಜನ ಗೊಣಗ್ತಾರೆ, ಏನು ಹಾಕಿದ ಅಂತ ಕೊಡಬೇಕು ಅಂತಾರೆ. ಪಾರ್ಟ್ ಹಾಕಿದವನಿಗೆ ಮಾತ್ರ ಸಾವಿರಾರು ಎಣಿಸ್ತಾರೆ. ಹಾಗಿದ್ಮೇಲೆ ಅವನು ಪಾರ್ಟ್ ಹಾಕದೆ ಇನ್ನೇನು ಮಾಡ್ತಾನೆ. ಹುಡುಕಿದ್ದಕ್ಕೇ ಬೇರೆ ಕೂಲಿ ಅಂತ ಮೊದಲೇ ಮಾತಾಡ್ಕೊಳ್ಳಿ. ಕೋಡು ಅಳಿಸೋ ಮುಂಚೆ ಫೋನಲ್ಲಿ ಫೋಟೊ ತೆಗೀರಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಅಂತ ಇದ್ರೆ ಅದನ್ನೂ ತೆಗೀರಿ, ಆ ಕ್ಷಣದ ಆರ್‌ಪಿಎಂ, ಬಿಸಿ ಎಲ್ಲಾ ಅದರಲ್ಲಿರತ್ತೆ. ಅಳಿಸಿಬಿಟ್ರೆ ಸಾಕ್ಷಿ ಹೋದ ಹಾಗೆ.

ಇನ್ನೊಂದು, ಗಾಡಿ ಚೆನ್ನಾಗಿ ಎಳೀತಿರೋವಾಗಲೇ ಒಂದ್ಸಲ ರೀಡಿಂಗ್ ತೆಗೆಸಿ. ಐಡ್ಲಿಂಗಲ್ಲಿ ರೈಲ್ ಒತ್ತಡ, ಲೋಡಲ್ಲಿ ರೈಲ್ ಒತ್ತಡ, ಲೋಡಲ್ಲಿ ಟರ್ಬೊ ಒತ್ತಡ, ಮೂರೇ ಅಂಕಿ. ಪಿಕಪ್ಪಿಗಾದ್ರೆ ಫೋನಿಗೆ ಜೋಡಿಸೋ ಸಣ್ಣ ಬ್ಲೂಟೂತ್ ಸ್ಕ್ಯಾನರ್ರೇ ಬಹುತೇಕ ಸಾಕು, ಎಲ್ಲಾ ಟ್ರ್ಯಾಕ್ಟರಿಗೂ ಅದು ಕೂರಲ್ಲ. ಆ ಮೂರು ಅಂಕಿನ ಆರ್‌ಸಿ ಕಾರ್ಡಿನ ಜೊತೆ ಒಂದು ಚೀಟೀಲಿ ಬರೆದಿಟ್ಟಿರಿ.